ಹಬ್ಬದ ಕಾಲದಲ್ಲಿ ಕುಗ್ಗಿದ ಮನಸ್ಸು

ಪಾಠಭಾಗ: 1 ಅರಸುಗಳು 19:1–18, ಲೂಕ 10:38–42

ನಮ್ಮ ಕರ್ತನ ಜನನದ ಹಬ್ಬವು ಸಮೀಪಿಸಿತು. ಬಾಬುರಾಯನಕೊಪ್ಪಲಿನ ಸುತ್ತಮುತ್ತಲೂ ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಗಳಲ್ಲಿಯೂ ಇದು ಭತ್ತದ ಕೊಯ್ಲೂ ಕಬ್ಬಿನ ಕಟಾವೂ ನಡೆಯುವ ಕಾಲ. ಹಗಲೆಲ್ಲಾ ಗದ್ದೆಯ ದುಡಿಮೆ. ರಾತ್ರಿ ಮನೆಮನೆಗೆ ಹೋಗಿ ಹಾಡುವ ಕೆಲಸ. ನಡುವೆ ಸುಣ್ಣ ಬಳಿಯುವದು, ಮಕ್ಕಳಿಗೆ ಹೊಸ ಬಟ್ಟೆ, ಬೆಂಗಳೂರು ಮೈಸೂರುಗಳಿಂದ ಬರುವ ಬಂಧುಗಳ ಉಪಚಾರ. ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಸಲ್ಲಬೇಕೆಂದು 1966ನೇ ಇಸವಿಯ ಕಬ್ಬು ನಿಯಂತ್ರಣದ ಆಜ್ಞೆಯಲ್ಲಿದ್ದರೂ ಅದು ತಡವಾದ ವರುಷಗಳುಂಟು. ಆಗ ಸಾಲ ತಂದು ಹಬ್ಬ ನಡಿಸುವವರುಂಟು. ಹೋದ ವರುಷ ಪಂಕ್ತಿಯಲ್ಲಿ ಕೂತಿದ್ದವರು ಈ ವರುಷ ಇಲ್ಲದ ಮನೆಗಳೂ ಉಂಟು. ಹೀಗಿರಲಾಗಿ ಎಲ್ಲರೂ ಹಿಗ್ಗುವ ದಿನದಲ್ಲಿ ಕೆಲವರ ಮನಸ್ಸು ಕುಗ್ಗುವದು; ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗುವದು. ವಿಶ್ವಾಸ ಸಾಲದೆ ಹೀಗಾಯಿತೆಂದು ನೆರೆಯವರು ಅಂದರೆ ಆ ಭಾರವು ಇಮ್ಮಡಿಯಾಗುವದು. ಈ ಮಾತು ಸರಿಯೋ ಎಂದು ಸತ್ಯವೇದದಿಂದ ವಿಚಾರಿಸೋಣ.

ಎಲೀಯನು ಕರ್ಮೆಲ್ ಬೆಟ್ಟದಲ್ಲಿ ಮಹಾಜಯವನ್ನು ಕಂಡವನು. ಆದರೂ ಈಜೆಬೆಲಳ ಬೆದರಿಕೆಯನ್ನು ಕೇಳುತ್ತಲೇ ಓಡಿಹೋಗಿ, ತನ್ನ ಸೇವಕನನ್ನು ಬೇರ್ಷೆಬದಲ್ಲಿ ಬಿಟ್ಟು, ಒಬ್ಬನೇ ಅಡವಿಯೊಳಗೆ ಒಂದು ದಿನದ ಪ್ರಯಾಣ ಮಾಡಿ, ಗಿಡದ ಕೆಳಗೆ ಕೂತು ಮರಣವನ್ನು ಬೇಡಿದನು. ಇವನಿಗೆ ವಿಶ್ವಾಸವಿರಲಿಲ್ಲವೆಂದು ಯಾರು ಹೇಳಾರು? ದೇವರು ಅವನ ಆ ಬೇಡಿಕೆಯನ್ನು ನೆರವೇರಿಸಲೂ ಇಲ್ಲ, ಅದಕ್ಕಾಗಿ ಅವನನ್ನು ಗದರಿಸಲೂ ಇಲ್ಲ. ಆತನು ಮಾಡಿದ್ದು ಮೂರು ಸಂಗತಿಗಳು.

ಮೊದಲನೆಯದಾಗಿ, ಅವನಿಗೆ ನಿದ್ರೆಯೂ ಆಹಾರವೂ ದೊರೆತವು. ದೂತನು ಎರಡಾವರ್ತಿ ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಉಪದೇಶಕ್ಕಿಂತ ಊಟವು ಮುಂಚೆ ಬಂತು. ಆದಕಾರಣ ಹಬ್ಬದ ವಾರದಲ್ಲಿ ನಿದ್ದೆಗೆಡುವದನ್ನು ಭಕ್ತಿಯೆಂದು ಎಣಿಸಬಾರದು. ದುಃಖ ಮರೆಯುವದಕ್ಕೆಂದು ಮದ್ಯವನ್ನು ಮುಟ್ಟುವವನ ದುಃಖವು ಮರುದಿನ ಹೆಚ್ಚುವದೇ ಹೊರತು ಕಡಿಮೆಯಾಗದು.

ಎರಡನೆಯದಾಗಿ, ದೇವರು ಅವನ ಮಾತನ್ನು ಕೇಳಿದನು. ಎಲೀಯನು ಒಂದೇ ದೂರನ್ನು ಎರಡು ಸಾರಿ ಹೇಳಿದನು. ಎರಡು ಸಾರಿಯೂ ದೇವರು ಕೇಳಿಸಿಕೊಂಡನು. ನಾವಾದರೋ ಒಂದು ಸಾರಿ ಕೇಳುವದರೊಳಗೆ ಬುದ್ಧಿ ಹೇಳಲು ತೊಡಗುತ್ತೇವೆ.

ಮೂರನೆಯದಾಗಿ, ತಾನೊಬ್ಬನೇ ಉಳಿದೆನೆಂದವನಿಗೆ ಏಳು ಸಾವಿರ ಮಂದಿ ಇದ್ದಾರೆಂದು ತಿಳಿಸಿ, ಎಲೀಷನನ್ನು ಜೊತೆಗೆ ತೋರಿಸಿದನು. ಒಡನಾಟವೂ ಕೈಲಾಗುವಷ್ಟು ಕೆಲಸವೂ ಔಷಧವೇ. ಮನೆಯಲ್ಲಿ ಸಾವಾದವರನ್ನೂ ಒಂಟಿಯಾಗಿರುವ ಮುದುಕರನ್ನೂ ಹಬ್ಬದ ದಿನ ಊಟಕ್ಕೆ ಕರೆಯಿರಿ. ಬರಲಾರದಿದ್ದರೆ ಊಟವನ್ನು ಅವರ ಮನೆಗೆ ಒಯ್ದು, ಸ್ವಲ್ಪ ಹೊತ್ತು ಕೂತು ಬನ್ನಿರಿ.

ಇನ್ನು ಮಾರ್ಥಳ ವಿಷಯ. ಅವಳ ಉಪಚಾರವು ಕೆಟ್ಟದ್ದಲ್ಲ. ಬಹು ಕೆಲಸಗಳನ್ನು ಮೈಮೇಲೆ ಹಾಕಿಕೊಂಡು ಕಳವಳಪಟ್ಟದ್ದೇ ಅವಳ ತೊಂದರೆ. ನಮ್ಮ ಮನೆಗಳಲ್ಲಿ ಆ ಹೊರೆಯು ಹೆಂಗಸರ ಮೇಲೆ ಬೀಳುವದು. ಗಂಡಸರೇ, ನೀರು ಸೇದಿಕೊಡಿರಿ, ಪಾತ್ರೆ ತೊಳೆಯಿರಿ. ಖರ್ಚನ್ನು ಡಿಸೆಂಬರ್ ಮೊದಲಲ್ಲಿಯೇ ಗಂಡಹೆಂಡಿರು ಕೂತು ಬರೆದುಕೊಳ್ಳಿರಿ. ಕೈಯಲ್ಲಿ ಇಲ್ಲದ ಹಣದ ಬಟ್ಟೆ ಬೇಡ. ಗೋದಲಿಯಲ್ಲಿ ಮಲಗಿದ ಕರ್ತನು ಹಳೆಯ ಬಟ್ಟೆಯವರನ್ನು ತಳ್ಳಿಬಿಡುವನೇ?

ಕೆಲವರ ದುಃಖವು ಇಷ್ಟರಿಂದ ತೀರದು. ಎರಡು ವಾರಗಳಿಗಿಂತ ಹೆಚ್ಚಾಗಿ ನಿದ್ರೆಯೂ ಹಸಿವೂ ಕೆಟ್ಟು, ಯಾವದರಲ್ಲಿಯೂ ಮನಸ್ಸಿಲ್ಲದೆ ಹೋದರೆ ಅದು ರೋಗವಾಗಿರಬಹುದು; ಜ್ವರಕ್ಕೆ ವೈದ್ಯರಿರುವಂತೆ ಇದಕ್ಕೂ ಇದ್ದಾರೆ. ಮೈಸೂರು ಸರ್ಕಾರವು 1925ರಲ್ಲಿಯೇ ಬೆಂಗಳೂರಿನ ಹುಚ್ಚಾಸ್ಪತ್ರೆಯ ಹೆಸರನ್ನು ಮಾನಸಿಕ ಆಸ್ಪತ್ರೆಯೆಂದು ಬದಲಾಯಿಸಿತು; ಅದೇ 1974ರಲ್ಲಿ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸೇರಿತು. ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೂ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿಯೂ ಮನೋವೈದ್ಯರುಂಟು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರದ ಸಹಾಯವಾಣಿಯಲ್ಲಿ ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು, ಅದರ ಸಂಖ್ಯೆ 14416, ಕರೆಗೆ ಹಣವಿಲ್ಲ. ಈ ಸಂಖ್ಯೆಯನ್ನು ದೇವಾಲಯದ ಬಾಗಿಲಲ್ಲಿ ಬರೆದಿಡಿರಿ.

2015ನೇ ಇಸವಿಯಲ್ಲಿ ನಮ್ಮ ಮಂಡ್ಯ ಜಿಲ್ಲೆಯಲ್ಲಿ ಸಾಲದಿಂದ ಕಂಗೆಟ್ಟ ಅನೇಕ ರೈತರು ಪ್ರಾಣ ಕಳೆದುಕೊಂಡರು. ಅದನ್ನು ನಾವು ಮರೆಯಲಾಗದು. ಒಬ್ಬನ ಮಾತಿನಲ್ಲಿ ಸಾವಿನ ಸುಳಿವು ಕಂಡರೆ, ಅಂಥ ಯೋಚನೆ ಉಂಟೋ ಎಂದು ಮೆಲ್ಲಗೆ ನೇರವಾಗಿ ಕೇಳಿರಿ. ಕೇಳುವದರಿಂದ ಆ ಯೋಚನೆ ಹುಟ್ಟದು. ಬಚ್ಚಿಟ್ಟ ಭಾರವು ಇಳಿಯುವದು. ಅವನನ್ನು ಒಂಟಿಯಾಗಿ ಬಿಡಬೇಡಿರಿ. ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಗಳನ್ನು ಮನೆಯಿಂದ ತೆಗೆದು ಬೀಗದಲ್ಲಿಡಿಸಿರಿ. ಜೊತೆಗಿದ್ದು ಆಸ್ಪತ್ರೆಗೆ ಕರಕೊಂಡು ಹೋಗಿರಿ. ಪ್ರಾರ್ಥನೆಯನ್ನು ದಾರಿಯಲ್ಲಿಯೂ ಮಾಡಬಹುದು.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ದೇವರು ಎಲೀಯನನ್ನು ಪ್ರಶ್ನಿಸುವದಕ್ಕೆ ಮುಂಚೆ ಅವನಿಗೆ ಏನು ಕೊಡಿಸಿದನು? ಯಾಕೆ?
2. ನಮ್ಮ ಹಬ್ಬದ ಕೆಲಸಗಳಲ್ಲಿ ಬಿಡತಕ್ಕವುಗಳು ಯಾವವು? ಹಂಚಿಕೊಳ್ಳತಕ್ಕವುಗಳು ಯಾವವು?
3. ಈ ವರುಷ ನಮ್ಮ ಊರಲ್ಲಿ ಒಂಟಿಯಾಗಿರುವವರು ಯಾರು? ಅವರ ಮನೆಗೆ ಯಾರು, ಯಾವ ದಿನ ಹೋಗುವಿರಿ?