ಶರೀರದ ಜಮಾಖರ್ಚು

ಶಕ್ತಿಯನ್ನು ಹೊಸದಾಗಿ ಸೃಷ್ಟಿಸಲಾಗದು, ನಾಶಪಡಿಸಲೂ ಆಗದು. ಅದು ಒಂದು ರೂಪದಿಂದ ಮತ್ತೊಂದು ರೂಪಕ್ಕೆ ಮಾರ್ಪಡುತ್ತದೆ, ಅಷ್ಟೆ. ಉಗಿಯಂತ್ರಕ್ಕೆ ಅನ್ವಯಿಸುವ ಈ ನಿಯಮವು ಮನುಷ್ಯನ ಒಡಲಿಗೂ ಅನ್ವಯಿಸುತ್ತದೆ. ೧೭೮೦ರ ದಶಕದಲ್ಲಿ ಫ್ರಾನ್ಸಿನ ಲವಾಸಿಯೆ ಮತ್ತು ಲಪ್ಲಾಸ್ ಎಂಬ ವಿಜ್ಞಾನಿಗಳು ಗಿನಿ ಇಲಿಯೊಂದನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯೊಳಗೆ ಇಟ್ಟು, ಕರಗಿದ ನೀರನ್ನು ತೂಗಿ, ಆ ಪ್ರಾಣಿಯಿಂದ ಹೊರಟ ಉಷ್ಣವನ್ನು ಅಳೆದರು. ಉಸಿರಾಟವೆಂಬುದು ನಿಧಾನವಾದ ಒಂದು ದಹನಕ್ರಿಯೆ ಎಂಬುದು ಅವರ ತೀರ್ಮಾನವಾಗಿತ್ತು. ಒಡಲು ಒಲೆಯಾದರೆ, ಉಂಡ ಅನ್ನವೇ ಸೌದೆ. ಉರಿಯದೆ ಉಳಿದ ಸೌದೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಈಗ ವಿಚಾರಿಸೋಣ.

ಆಹಾರದ ಶಕ್ತಿಯನ್ನು ಅಳೆಯುವ ಮಾನವೇ ಕಿಲೋಕ್ಯಾಲೊರಿ. ವಾಡಿಕೆಯಲ್ಲಿ ಇದನ್ನು ಕ್ಯಾಲೊರಿ ಎಂದೇ ಕರೆಯುವುದುಂಟು. ನಾವೂ ಹಾಗೆಯೇ ಕರೆಯೋಣ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿಸಲು ಬೇಕಾಗುವ ಉಷ್ಣವಿದು. ಸುಮಾರು ೪,೨೦೦ ಜೌಲುಗಳಿಗೆ ಸಮ. ಒಂದು ಗ್ರಾಂ ಪಿಷ್ಟದಿಂದಾಗಲಿ ಸಸಾರಜನಕದಿಂದಾಗಲಿ ಸುಮಾರು ೪ ಕ್ಯಾಲೊರಿ ದೊರೆತರೆ, ಒಂದು ಗ್ರಾಂ ಎಣ್ಣೆಯಿಂದ ೯ ಕ್ಯಾಲೊರಿ ದೊರೆಯುತ್ತದೆ. ಇನ್ನು ಖರ್ಚು. ಸುಮ್ಮನೆ ಮಲಗಿದವನ ಹೃದಯ, ಮಿದುಳು, ಯಕೃತ್ತುಗಳೂ ಕೆಲಸ ಮಾಡುತ್ತಲೇ ಇರುತ್ತವೆ. ಇದಕ್ಕೆ ತೂಕದ ಕಿಲೋ ಒಂದಕ್ಕೆ ಗಂಟೆಗೆ ಸುಮಾರು ೧ ಕ್ಯಾಲೊರಿ ಬೇಕು. ಆದುದರಿಂದ ೬೦ ಕಿಲೋ ತೂಗುವವನಿಗೆ ದಿನಕ್ಕೆ ೧,೪೪೦ ಕ್ಯಾಲೊರಿ ಹೀಗೆಯೇ ವ್ಯಯವಾಗುತ್ತದೆ. ಹಗಲಿರುಳೂ ಉರಿಯುವ ೭೦ ವಾಟಿನ ದೀಪಕ್ಕೆ ತಗಲುವ ಶಕ್ತಿಯೂ ಇಷ್ಟೆ.

ದುಡಿಮೆಗೆ ಎಷ್ಟು ತಗಲುತ್ತದೆ? ಹೊನ್ನಾವರದ ತೋಟವೊಂದರಲ್ಲಿ ೬೦ ಕಿಲೋ ತೂಕದ ಆಳೊಬ್ಬನು ೧೫ ಮೀಟರ್ ಎತ್ತರದ ೪೦ ತೆಂಗಿನ ಮರಗಳನ್ನು ಹತ್ತಿದನೆನ್ನೋಣ. ಒಟ್ಟು ಏರಿದ ಎತ್ತರ ೬೦೦ ಮೀಟರ್. ಗುರುತ್ವಾಕರ್ಷಣೆಗೆ ಎದುರಾಗಿ ಮಾಡಿದ ಕೆಲಸ ಸುಮಾರು ೩,೫೩,೦೦೦ ಜೌಲು, ಎಂದರೆ ಬರೇ ೮೪ ಕ್ಯಾಲೊರಿ. ಸ್ನಾಯುಗಳು ತಾವು ಬಳಸಿದ ಶಕ್ತಿಯಲ್ಲಿ ನಾಲ್ಕನೆಯ ಇಲ್ಲವೆ ಐದನೆಯ ಒಂದು ಪಾಲನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತವೆ. ಮಿಕ್ಕದ್ದು ಉಷ್ಣವಾಗಿ ಹೋಗುತ್ತದೆ. ಅದನ್ನೂ ಸೇರಿಸಿದರೆ ಏರುವುದಕ್ಕೆ ಸುಮಾರು ೩೪೦ರಿಂದ ೪೨೦ ಕ್ಯಾಲೊರಿ. ನೂರಿಪ್ಪತ್ತು ಗ್ರಾಂ ಅಕ್ಕಿ ಇಷ್ಟನ್ನು ಒದಗಿಸಬಲ್ಲುದು! ಭಟ್ಕಳ ತಾಲೂಕಿನ ಮುರ್ಡೇಶ್ವರದ ರಾಜಗೋಪುರವು ೭೦ ಮೀಟರಿಗೂ ಮಿಗಿಲಾದುದು. ಅಷ್ಟು ಎತ್ತರವನ್ನು ಲಿಫ್ಟಿನ ನೆರವಿಲ್ಲದೆ ಮೆಟ್ಟಿಲೇರಿದರೂ ಖರ್ಚಾಗುವುದು ೪೦–೫೦ ಕ್ಯಾಲೊರಿ. ಒಂದು ಚಹಾ ಚಮಚ ತೆಂಗಿನೆಣ್ಣೆಯಲ್ಲಿ ಇರುವುದು ಹೆಚ್ಚುಕಡಿಮೆ ಅಷ್ಟೆ.

ಹಾಗಾದರೆ ದುಡಿಮೆ ವ್ಯರ್ಥವೆ? ಅಲ್ಲ. ಕುಮಟಾದ ಅಘನಾಶಿನಿ ತೀರದ ಗಜನಿಗಳಲ್ಲಿ ಕಗ್ಗ ಭತ್ತ ಬೆಳೆಯುವವರು, ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ಎಳೆಯುವವರು ಅರ್ಧ ಗಂಟೆಯಲ್ಲ, ದಿನವಿಡೀ ಮೈ ಬಗ್ಗಿಸುತ್ತಾರೆ. ಅವರ ಖರ್ಚು ದೊಡ್ಡದಾಗುವುದು ಕೆಲಸದ ಅವಧಿಯಿಂದ. ಇಂದು ದೋಣಿಗೆ ಯಂತ್ರ ಬಂದಿದೆ, ಪೇಟೆಗೆ ಸ್ಕೂಟರು ಒಯ್ಯುತ್ತದೆ. ಅಂಗಡಿಯಲ್ಲಿ ಕುಳಿತವನ ತಟ್ಟೆಯ ಅನ್ನ ಮಾತ್ರ ಗದ್ದೆಯವನ ತಟ್ಟೆಯಷ್ಟೇ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೨೦೧೫–೧೬ರಲ್ಲಿ ಕರ್ನಾಟಕದ ಸ್ತ್ರೀಯರಲ್ಲಿ ಅತಿತೂಕದವರು ನೂರಕ್ಕೆ ಸುಮಾರು ೨೩. ೨೦೧೯–೨೧ರ ಸಮೀಕ್ಷೆಯಲ್ಲಿ ಸುಮಾರು ೩೦. ಅದೇ ಕಾಲಕ್ಕೆ ನೂರಕ್ಕೆ ಸುಮಾರು ೧೭ ಸ್ತ್ರೀಯರು ಇರಬೇಕಾದುದಕ್ಕಿಂತ ಕಡಿಮೆ ತೂಕದವರಾಗಿದ್ದರು ಎಂಬುದನ್ನೂ ಮರೆಯಲಾಗದು. ಅಂಥವರಿಗೆ ಬೇಕಾದುದು ಮಿತಾಹಾರದ ಉಪದೇಶವಲ್ಲ, ಅನ್ನ.

ಮಿಗತೆಯ ಲೆಕ್ಕವನ್ನು ನೋಡೋಣ. ದಿನಕ್ಕೆ ೧೦೦ ಕ್ಯಾಲೊರಿ ಹೆಚ್ಚಾಗಿ ತಿಂದರೆ ವರ್ಷಕ್ಕೆ ೩೬,೫೦೦. ಮೈಯ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು ೭,೭೦೦ ಕ್ಯಾಲೊರಿ ಅಡಗಿರುವುದರಿಂದ ವರ್ಷಕ್ಕೆ ೪.೭ ಕಿಲೋ, ಹತ್ತು ವರ್ಷಕ್ಕೆ ೪೭ ಕಿಲೋ ಬೆಳೆಯಬೇಕು! ಹಾಗಾಗುವುದಿಲ್ಲ. ಏಕೆಂದರೆ ಭಾರವಾದ ಒಡಲನ್ನು ಸಾಕಲು ಹಾಗೂ ಹೊತ್ತು ನಡೆಯಲು ಖರ್ಚೂ ಹೆಚ್ಚುತ್ತದೆ. ಕೊನೆಗೆ ಜಮೆಯೂ ಖರ್ಚೂ ಹೊಸ ತೂಕದಲ್ಲಿ ಸರಿದೂಗುತ್ತವೆ. ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು ೨೦೧೧ರಲ್ಲಿ ಪ್ರಕಟಿಸಿದ ಗಣನೆಯಂತೆ ಈ ಏರಿಕೆ ನಾಲ್ಕು–ಐದು ಕಿಲೋಗಳಲ್ಲಿ ನಿಲ್ಲುತ್ತದೆ. ಅದರ ಅರ್ಧದಷ್ಟು ಮೊದಲ ವರ್ಷದಲ್ಲಿಯೂ ಬಹುಪಾಲು ಮೂರು ವರ್ಷಗಳೊಳಗೂ ಆಗುತ್ತದೆ. ಇಳಿಕೆಗೂ ಇದೇ ನ್ಯಾಯ. ಒಂದು ವಾರದ ಉಪವಾಸವು ತೂಕವನ್ನು ಇಳಿಸಿದರೂ ಹಳೆಯ ಊಟ ಮರಳಿದೊಡನೆ ಹಳೆಯ ತೂಕವೂ ಮರಳುತ್ತದೆ. ಸಣ್ಣದಾದರೂ ಶಾಶ್ವತವಾದ ಬದಲಾವಣೆಯೇ ಫಲಕಾರಿ.

ಮಿಗತೆಯ ಕೊಬ್ಬು ಎಲ್ಲಿ ಸೇರುತ್ತದೆ ಎಂಬುದು ಅದರ ಪರಿಮಾಣದಷ್ಟೇ ಮುಖ್ಯ. ಭಾರತೀಯರಲ್ಲಿ ಅದು ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ ಶೇಖರವಾಗುವುದು ಹೆಚ್ಚು. ಅಲ್ಲಿ ಅದು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗಿ ಮಧುಮೇಹ, ರಕ್ತದ ಒತ್ತಡ, ಹೃದ್ರೋಗಗಳಿಗೆ ದಾರಿ ಮಾಡುತ್ತದೆ. ಆದ್ದರಿಂದಲೇ ನಮ್ಮಲ್ಲಿ ಪುರುಷರ ಸೊಂಟದ ಸುತ್ತಳತೆ ೯೦ ಸೆಂಟಿಮೀಟರನ್ನೂ ಸ್ತ್ರೀಯರದು ೮೦ ಸೆಂಟಿಮೀಟರನ್ನೂ ಮೀರಬಾರದೆಂದು ವೈದ್ಯರು ಹೇಳುತ್ತಾರೆ. ಚೆನ್ನೈಯ ರಾಮಚಂದ್ರನ್ ಮತ್ತು ಸಂಗಡಿಗರು ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯ. ಮಧುಮೇಹದ ಅಂಚಿನಲ್ಲಿದ್ದವರು ಊಟವನ್ನು ತಿದ್ದಿಕೊಂಡು ನಿತ್ಯ ನಡೆದುದರಿಂದ ಆ ರೋಗದ ಸಂಭವವು ನೂರಕ್ಕೆ ಸುಮಾರು ೨೮ರಷ್ಟು ತಗ್ಗಿತು; ಆದರೂ ಅವರ ತೂಕ ಹೆಚ್ಚೇನೂ ಇಳಿದಿರಲಿಲ್ಲ. ನಡಿಗೆಯ ಪ್ರಯೋಜನವನ್ನು ತಕ್ಕಡಿಯೊಂದರಿಂದಲೇ ಅಳೆಯಲಾಗದೆಂದು ಇದರಿಂದ ತಿಳಿಯುತ್ತದೆ.

ಆದುದರಿಂದ ವಾಚಕರು ಎಣ್ಣೆಯ ಚಮಚವನ್ನು ಲೆಕ್ಕವಿಟ್ಟು ಸುರಿಯಲಿ, ಅನ್ನದ ಒಂದು ಸೌಟಿನ ಜಾಗವನ್ನು ತರಕಾರಿಗೋ ಮೀನಿಗೋ ಬಿಡಲಿ, ಪೇಟೆಗೆ ನಡೆದೇ ಹೋಗಲಿ. ತೂಕದ ಯಂತ್ರವಿಲ್ಲದ ಮನೆಯಲ್ಲಿ ದರ್ಜಿಯ ಟೇಪೊಂದಿದ್ದರೆ ಸಾಕು. ತಿಂಗಳಿಗೊಮ್ಮೆ ಸೊಂಟವನ್ನು ಅಳೆದು ಬರೆದಿಟ್ಟರೆ ಈ ಜಮಾಖರ್ಚಿನ ಶಿಲ್ಕು ತಾನಾಗಿಯೇ ತಿಳಿಯುವುದು.