ಕಾವಲು ಕಾಯುವವರ ಬಿಪಿ ನೋಡುವವರು ಯಾರು?

ಪ್ರಶ್ನೆ: ನಮ್ಮ ಯಜಮಾನರಿಗೆ 48 ವರ್ಷ. ಆನೆ ಕಾಟದಿಂದಾಗಿ ರಾತ್ರಿಯೆಲ್ಲ ಜೋಳದ ಹೊಲದ ಅಟ್ಟಣೆ ಮೇಲೆ ಕಾವಲು. ನಿದ್ದೆ ಬಾರದಿರಲಿ ಅಂತ ಬೀಡಿ, ಟೀ. ಬೆಳಗ್ಗೆ ತಲೆ ಭಾರ ಅಂತಾರೆ. ಆಸ್ಪತ್ರೆಗೆ ನಡೀರಿ ಅಂದ್ರೆ ‘ನಂಗೇನಾಗದ, ಚೆನ್ನಾಗೇ ಇವ್ನಿ’ ಅಂತ ರೇಗ್ತಾರೆ. ಹೇಗೆ ಒಪ್ಪಿಸಲಿ?
— ಓದುಗಿ, ತಾಳವಾಡಿ

ಉತ್ತರ: ತಾಯಿ, ನಿಮ್ಮ ಯಜಮಾನರು ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜವಾಗಿಯೂ ಏನೂ ಅನ್ನಿಸುತ್ತಿರಲಿಕ್ಕಿಲ್ಲ. ಬಿಪಿ ಅನ್ನುವುದು ನಿಮ್ಮ ಕಾಡಿನ ಆನೆಯ ಹಾಗೆ, ಬೇಲಿ ಮುರಿಯುವವರೆಗೂ ಸದ್ದಿಲ್ಲ. ತಲೆಭಾರಕ್ಕೆ ನಿದ್ದೆಗೇಡೇ ಕಾರಣವಿರಬಹುದು, ಆದರೆ ಅಳೆಯದೆ ಹೇಳುವುದು ಹೇಗೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ದಾಟಿದ ಗಂಡಸರಲ್ಲಿ ನೂರಕ್ಕೆ 24 ಮಂದಿಗೆ ಬಿಪಿ ಹೆಚ್ಚಿದೆ, ಇಲ್ಲವೇ ಅದಕ್ಕೆ ಮಾತ್ರೆ ನಡೆಯುತ್ತಿದೆ. ಹೆಂಗಸರಲ್ಲಿ ಇದು 21. ಆದರೂ ನಮ್ಮ ಹೊರರೋಗಿ ಸಾಲಿನಲ್ಲಿ ನಿಲ್ಲುವವರು ಹೆಚ್ಚಾಗಿ ಹೆಂಗಸರೇ. ಗಂಡಸು ಬರುವುದು ಕೆಲಸಕ್ಕೆ ಏಳಲಾಗದೆ ಹೋದಾಗ.

‘ಆಸ್ಪತ್ರೆಗೆ ನಡೀರಿ’ ಎನ್ನುವುದನ್ನು ಸದ್ಯ ಬಿಡಿ. ನಿಮ್ಮ ತಮಿಳುನಾಡು ಸರ್ಕಾರ 2021ರ ಆಗಸ್ಟ್‌ನಲ್ಲಿ ‘ಮಕ್ಕಳೈ ತೇಡಿ ಮರುತ್ತುವಂ’ ಶುರು ಮಾಡಿದೆ, ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಮನೆ ಬಾಗಿಲಿಗೇ ಬರುತ್ತದೆ. ಅತ್ತೆಗೋ ಮಾವನಿಗೋ ಮಾತ್ರೆ ಕೊಡಲು ಕಾರ್ಯಕರ್ತೆ ಬಂದಾಗ ‘ಇವರಿಗೂ ಒಂದು ಪಟ್ಟಿ ಕಟ್ಟಿ ನೋಡಮ್ಮ’ ಅನ್ನಿ. ಎದುರಿಗೆ ಬಂದು ಕೂತ ಹೆಣ್ಣುಮಗಳಿಗೆ ಒಲ್ಲೆ ಅನ್ನಲು ಗಂಡಸರಿಗೆ ಸಂಕೋಚ, ಆ ಸಂಕೋಚ ನಮ್ಮ ಕೆಲಸಕ್ಕೆ ಬರಲಿ.

ಆದರೆ ಅಟ್ಟಣೆ ಇಳಿದು ಬಂದ ಕೂಡಲೇ ಬೇಡ. ಬೀಡಿ, ಟೀ ಆಗಿ ಅರ್ಧ ಗಂಟೆ ಕಳೆದಿರಬೇಕು. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಗೋಡೆಯ ಆಸರೆ ಕೊಟ್ಟು, ಐದು ನಿಮಿಷ ಮಾತಿಲ್ಲದೆ ಕೂರಬೇಕು. ತೋಳು ಎದೆಯ ಮಟ್ಟಕ್ಕಿರಲಿ. 140/90 ಅಥವಾ ಹೆಚ್ಚು ಬಂದರೆ ಇನ್ನೊಂದು ದಿನ ಮತ್ತೆ ನೋಡಿಸಿ, ಆಗಲೂ ಅಷ್ಟೇ ಇದ್ದರೆ ಡಾಕ್ಟರನ್ನು ಕಾಣಲೇಬೇಕು. 180/120 ದಾಟಿದ್ದರೆ ಕಾಯದೆ ಅಂದೇ ಹೋಗಿ. ಕಾವಲು ಬಿಡಿ ಎಂದು ನಾನು ಹೇಳಲಾರೆ, ಬೆಳೆ ಹೋದರೆ ಸಾಲ ತೀರಿಸುವವರು ನಾನಲ್ಲವಲ್ಲ. ಬೀಡಿ ಬಿಡಿಸಿ, ಹಗಲು ನಿದ್ದೆಯನ್ನು ಯಾರೂ ಕೆಡಿಸದಂತೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಗಾಜನೂರಿನ ಅಣ್ಣಾವ್ರ ಮಗ ಪುನೀತ್ ಅಷ್ಟು ವ್ಯಾಯಾಮ ಮಾಡಿಯೂ 46ಕ್ಕೇ ಹೋದರು. ಮತ್ತೆ ಮೈ ನೋಡಿಕೊಂಡು ಏನು ಪ್ರಯೋಜನ?
— ಓದುಗ, ಗಾಜನೂರು

ಉತ್ತರ: ಅವರು ಹೋದ 2021ರ ಅಕ್ಟೋಬರ್ 29ರ ನಂತರ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅವರ ದೇಹದೊಳಗೆ ಏನಾಯಿತೆಂದು ಊಹಿಸಲು ನಾನು ಹೋಗುವುದಿಲ್ಲ. ವ್ಯಾಯಾಮ ಅಪಾಯವನ್ನು ತಗ್ಗಿಸುತ್ತದೆ, ಅಳಿಸುವುದಿಲ್ಲ. ನಿಮ್ಮ ತಂದೆಗೋ ಅಣ್ಣತಮ್ಮಂದಿರಿಗೋ 55ಕ್ಕೆ ಮೊದಲು, ತಾಯಿಗೋ ಅಕ್ಕತಂಗಿಯರಿಗೋ 65ಕ್ಕೆ ಮೊದಲು ಹೃದಯಾಘಾತವಾಗಿದ್ದರೆ ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಕೊಲೆಸ್ಟ್ರಾಲ್, ಸಕ್ಕರೆ ನೋಡಿಸಿ.

ಪ್ರಯೋಜನ ಹೆಚ್ಚಿರುವುದು ನೋವು ಬಂದ ಗಳಿಗೆಯಲ್ಲಿ. ಎದೆ ಹಿಂಡಿದಂತಾಗಿ, ನೋವು ಎಡತೋಳಿಗೋ ದವಡೆಗೋ ಹರಿದು, ಬೆವರು ಕಿತ್ತರೆ ಅದಕ್ಕೆ ‘ಗ್ಯಾಸು’ ಎಂದು ಹೆಸರಿಟ್ಟು ಸೋಡಾ ಕುಡಿದು ಮಲಗಬೇಡಿ. ಬೈಕನ್ನಂತೂ ನೀವೇ ಓಡಿಸಬೇಡಿ, 108ಕ್ಕೆ ಫೋನ್ ಮಾಡಿ. ರಾತ್ರಿ ದಿಂಬಂ ಘಾಟಿಯ 27 ತಿರುವು ನೆನೆದು ‘ಬೆಳಗಾಗಲಿ’ ಅನ್ನುವವರೇ ಹೆಚ್ಚು. ಮುಚ್ಚಿಹೋದ ರಕ್ತನಾಳದ ಮುಂದಿನ ಹೃದಯದ ಸ್ನಾಯು ಬೆಳಗಿನವರೆಗೆ ಕಾಯುವುದಿಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ. ಹೃದಯಾಘಾತಕ್ಕೆ ಕೊಡುವ ಮೊದಲ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗಲೆಂದು ತಮಿಳುನಾಡಿನಲ್ಲಿ ‘ಇದಯಂ ಕಾಪ್ಪೋಂ’ ಯೋಜನೆ 2023ರಲ್ಲಿ ಬಂದಿದೆ. ಆಮೇಲೆ ದೊಡ್ಡ ಆಸ್ಪತ್ರೆಗೆ ಘಾಟಿ ಇಳಿದು ಸತ್ಯಮಂಗಲದ ಕಡೆಗೋ, ಗಡಿ ದಾಟಿ ಚಾಮರಾಜನಗರಕ್ಕೋ ಎನ್ನುವುದನ್ನು ಅಲ್ಲಿಯವರು ಹೇಳುತ್ತಾರೆ. ಕರ್ನಾಟಕದಲ್ಲಿ ಇಂಥ ತುರ್ತು ಚಿಕಿತ್ಸೆಯ ಯೋಜನೆಗೆ ಪುನೀತ್ ಅವರ ಹೆಸರನ್ನೇ ಇಟ್ಟಿದ್ದಾರೆ.

ಪ್ರಶ್ನೆ: ಬಿಪಿ ಮಾತ್ರೆ ನುಂಗಿದರೆ ಗಂಡಸುತನ ಹೋಗುತ್ತದಂತೆ, ನಿಜವೇ? ನಾನು ನಿಲ್ಲಿಸಿಬಿಟ್ಟಿದ್ದೇನೆ.
— ಹೆಸರು ಬೇಡ

ಉತ್ತರ: ಕೆಲವು ಮಾತ್ರೆಗಳಿಂದ ಕೆಲವರಿಗೆ ತೊಂದರೆಯಾಗುವುದುಂಟು, ಅಂಥದ್ದನ್ನು ಬದಲಿಸಿ ಕೊಡಬಹುದು. ಆದರೆ ಬಿಪಿ, ಸಕ್ಕರೆ, ಬೀಡಿಗಳೇ ಗಂಡಸುತನಕ್ಕೆ ಬೇಕಾದ ರಕ್ತನಾಳಗಳನ್ನು ಕೆಡಿಸುತ್ತವೆ. ಅಲ್ಲಿನ ನಾಳಗಳು ಸಣ್ಣವು, ಹೃದಯಕ್ಕಿಂತ ಮೊದಲೇ ದೂರು ಹೇಳುತ್ತವೆ. ಹೀಗಾಗಿ ಆ ತೊಂದರೆ ಹೃದಯ ಪರೀಕ್ಷೆಗೂ ಒಂದು ಕಾರಣ. ಗುಟ್ಟಾಗಿ ಮೆಡಿಕಲ್‌ ಅಂಗಡಿಯಿಂದ ‘ಶಕ್ತಿ’ ಮಾತ್ರೆ ತಂದು ನುಂಗಬೇಡಿ. ಎದೆನೋವಿಗೆ ನಾಲಗೆ ಕೆಳಗೆ ಮಾತ್ರೆ ಇಟ್ಟುಕೊಳ್ಳುವವರಿಗೆ ಈ ‘ಶಕ್ತಿ’ ಮಾತ್ರೆಯಿಂದ ಬಿಪಿ ಒಮ್ಮೆಲೇ ಕುಸಿದು ಪ್ರಾಣಕ್ಕೇ ಬರಬಹುದು. ಈ ವಾರವೇ ಹೋಗಿ ಬಿಪಿ ಮಾತ್ರೆ ಮತ್ತೆ ಬರೆಸಿಕೊಳ್ಳಿ, ಈ ತೊಂದರೆಯನ್ನೂ ಬಾಯಿಬಿಟ್ಟು ಹೇಳಿ. ಅಲ್ಲಿರುವವರು ಲೇಡಿ ಡಾಕ್ಟರಾದರೂ ಹೇಳಿ.