ಹನ್ನೆರಡಾಣೆಯ ಬೀದರ್

ಪ್ರಶ್ನೆ: ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರ ಹಳೆಯ ಕಾರ್ಡುಗಳಲ್ಲಿ ‘ಟೆಸ್ಟ್ ಸೆಟ್’ ಎಂಬವಕ್ಕೆ ಭಾರಿ ಬೆಲೆಯಂತೆ. ನಮ್ಮ ಕಡೆ ಅಂಥದ್ದೇನಾದರೂ ಉಂಟೇ? ಅಜ್ಜನ ಟ್ರಂಕಿನಲ್ಲಿ ನಿಜಾಮರ ಕಾಲದ ಲಕೋಟೆಗಳಿವೆ. ಅಂಚೆಚೀಟಿಗಳನ್ನು ನೆನೆಸಿ ಬಿಡಿಸಿಕೊಳ್ಳಲೇ?
– ಓದುಗರೊಬ್ಬರು, ಭಾಲ್ಕಿ

ಉತ್ತರ: ಬಿಡಿಸಬೇಡಿ! ನೀರಿನ ಬೋಗುಣಿಯನ್ನು ಮೊದಲು ಒಳಗಿಡಿ. ಕಾರಣ ಆಮೇಲೆ ಹೇಳುತ್ತೇನೆ.

ಟಾಪ್ಸ್ ಎಂಬ ಅಮೆರಿಕದ ಕಂಪನಿ ಹೊಸ ಬಗೆಯ ಕಾರ್ಡು ಓಡುತ್ತದೋ ಇಲ್ಲವೋ ಎಂದು ನೋಡಲು ಸ್ವಲ್ಪವೇ ಅಚ್ಚು ಹಾಕಿ ಕೆಲವೇ ಅಂಗಡಿಗಳಿಗೆ ಕೊಡುತ್ತಿತ್ತು. 1968ರಲ್ಲಿ ಹೀಗೆ ಬಂದ ತ್ರೀ-ಡಿ ಸೆಟ್ಟಿನಲ್ಲಿ ಇದ್ದದ್ದು 12 ಕಾರ್ಡು. ಮಕ್ಕಳು ಆಡಿ ಬಿಸಾಕಿದ್ದರಲ್ಲಿ ಉಳಿದಷ್ಟಕ್ಕೇ ಇಂದು ಕಿತ್ತಾಟ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಹೈದರಾಬಾದ್ ಸಂಸ್ಥಾನದ ನಾಣ್ಯ ಮತ್ತು ಅಂಚೆಚೀಟಿ. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಕಾಲದಲ್ಲಿ ಕೈಯಿಂದ ಟಂಕಿಸುತ್ತಿದ್ದ ರೂಪಾಯಿ ಹೋಗಿ ಚಾರ್‌ಮಿನಾರ್ ರೂಪಾಯಿ ಬರುವ ನಡುವೆ, ಯಂತ್ರದಲ್ಲಿ ಒತ್ತಿ ನೋಡಿದ ‘ಚರ್ಖಿ’ ರೂಪಾಯಿಗಳಿವೆ. ಅಂಚೆಚೀಟಿಯಲ್ಲಾದರೆ ಅಧಿಕಾರಿಗಳ ಒಪ್ಪಿಗೆಗೆಂದು ತೆಗೆದ ಪ್ರೂಫ್ ಪ್ರತಿಗಳು. ಇವಕ್ಕೆ ಸಾಮಾನ್ಯವಾಗಿ ಅಂಚಿನ ತೂತೂ ಇರದು, ಹಿಂದೆ ಅಂಟೂ ಇರದು. ಅಂಚೆ ಕಚೇರಿಯ ಕಿಟಕಿಯಲ್ಲಿ ಇವು ಮಾರಾಟಕ್ಕೆ ಬಂದವಲ್ಲ, ಹಾಗಾಗಿ ನಿಮ್ಮ ಟ್ರಂಕಿನಲ್ಲಿ ಸಿಗುವ ಆಸೆ ಬೇಡ. ಯಾರಾದರೂ ‘ಪ್ರೂಫ್’ ಎಂದು ಬಿಡಿ ಚೀಟಿ ಮಾರಲು ಬಂದರೆ ಅನುಮಾನಿಸಿ. ಮಾಮೂಲಿ ಚೀಟಿಯ ಹಲ್ಲುಗಳನ್ನು ಕತ್ತರಿಯಿಂದ ಸವರಿ ಮಾರುವುದು ಹಳೆಯ ಕಸುಬು. ಕೂಡಿಕೊಂಡಿರುವ ಜೋಡಿಯಲ್ಲಿ ಈ ಆಟ ನಡೆಯುವುದಿಲ್ಲ. ಅನುಭವಸ್ಥರು ಜೋಡಿಯನ್ನೇ ಕೇಳುವುದು ಅದಕ್ಕೆ.

ಪ್ರೂಫ್ ಬಿಡಿ, ಬೀದರಿನವರಿಗೆ ಬೇಕಾದ ಚೀಟಿ ಬೇರೆಯೇ ಇದೆ. 1931ರಲ್ಲಿ ಸಂಸ್ಥಾನ ಚಿತ್ರದ ಚೀಟಿಗಳನ್ನು ಹೊರತಂದಿತು. 1 ಆಣೆಗೆ ಚಾರ್‌ಮಿನಾರ್, 4 ಆಣೆಗೆ ಉಸ್ಮಾನ್ ಸಾಗರ, 8 ಆಣೆಗೆ ಅಜಂತಾ. 12 ಆಣೆಯ ಕೆಂಪು ಚೀಟಿಯ ಮೇಲೆ 1472ರ ನಮ್ಮ ಬೀದರಿನ ಮಹಮೂದ್ ಗವಾನ್ ಮದರಸಾ. ಮಾಮೂಲಿ ಕಾಗದಕ್ಕೆ 12 ಆಣೆ ಬೇಕಿರಲಿಲ್ಲ, ಆದ್ದರಿಂದ ಲಕೋಟೆಯ ಮೇಲೇ ಉಳಿದ ಮದರಸಾ ಚೀಟಿ ಕಂಡರೆ ಜೋಪಾನ. ‘ಸರ್ಕಾರಿ’ ಎಂದು ಉರ್ದುವಿನಲ್ಲಿ ಮೇಲಚ್ಚು ಹಾಕಿದ್ದರೆ ಅದು ಕಚೇರಿ ಟಪಾಲಿನದು.

ಈಗ ನೆನೆಸಬೇಡಿ ಎಂದದ್ದರ ಕಾರಣ. ಬಿಡಿಸಿದ ಚೀಟಿ ಎಲ್ಲಿಯದಾದರೂ ಆಗಬಹುದು. ಪೂರ್ತಿ ಲಕೋಟೆಯಲ್ಲಿ ಹೊರಟ ಊರು, ತಲುಪಿದ ಊರು, ತಾರೀಖು, ತೆತ್ತ ಹಾಸಲು ಎಲ್ಲ ಇರುತ್ತವೆ. ಮುದ್ರೆಯಲ್ಲಿ 1345ರಂಥ ಇಸವಿ ಕಂಡರೆ ಗಾಬರಿಯಾಗಬೇಡಿ, ಅದು ಸಂಸ್ಥಾನದಲ್ಲಿ ಬಳಕೆಯಲ್ಲಿದ್ದ ಫಸ್ಲಿ ವರ್ಷ ಇರಬಹುದು. ಫಸ್ಲಿಗೆ 590 ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ. ಉರ್ದು ಬಲ್ಲ ಹಿರಿಯರು ಬೀದರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಊರಿನ ಹೆಸರು ಓದಿಸಿಕೊಳ್ಳಿ. ಉದಗೀರ, ನಿಲಂಗಾ ಎಂದು ಬಂದರೆ ಬದಿಗೆ ಸರಿಸಬೇಡಿ: 1956ರವರೆಗೆ ಅವೂ ಬೀದರ್ ಜಿಲ್ಲೆಯವೇ.

ಸಂಸ್ಥಾನದ ಚೀಟಿ ಸಂಸ್ಥಾನದೊಳಗೆ ಮಾತ್ರ ನಡೆಯುತ್ತಿತ್ತು, 1950ರಲ್ಲಿ ಅದೂ ನಿಂತಿತು. ದೊಡ್ಡ ಪಟ್ಟಣಗಳ ಲಕೋಟೆಗಳು ಇನ್ನೂ ಸಿಗುತ್ತವೆ. ಔರಾದಿನಂಥ ಪುಟ್ಟ ಊರಿನ ಮುದ್ರೆ ನಿಚ್ಚಳವಾಗಿ ಬಿದ್ದ ಲಕೋಟೆ ನಿಮ್ಮಲ್ಲಿದ್ದರೆ, ನಾನಾದರೆ ಅದನ್ನು ಎಷ್ಟು ನುಣುಪಾದ ಬಿಡಿ ಚೀಟಿಗೂ ಅದಲುಬದಲು ಮಾಡೆನು.